ಪಾಪಯ್ಯ ಮೇಸ್ತ್ರಿಗಳ ನಾಲಿಗೆ

ಹೊಳೆನರಸೀಪುರದ ಕೆರೆ ಏರಿಗೆ ಮಣ್ಣು ತಳ್ಳಲು ಬಂದಿರುವ, ಮಿಲಿಟರಿಯವರು ಬಳಸಿ ಬಿಸಾಕಿದ ಪೆಟ್ರೋಲು ಬುಲ್ಡೋಜರಿಗೆ ಏನೇ ಕಾಯಿಲೆ ಬರಲಿ, ಪಾಪಯ್ಯ ಮೇಸ್ತ್ರಿಗಳ ಪ್ರಕಾರ ತಪ್ಪೆಲ್ಲ ಕಾರ್ಬುರೇಟರಿನದೇ. ಚೈನು ಕಡಿದ ದಿನವೂ ಅದನ್ನೇ ಬಿಚ್ಚಿದರು. ಗೋಣಿತಾಟಿನ ಮೇಲೆ ಹರಡಿಕೊಂಡು, ಪೆಟ್ರೋಲು ಹಾಯುವ ಒಂದೊಂದು ಸಣ್ಣ ಜೆಟ್ಟನ್ನೂ ಬಾಯಲ್ಲಿಟ್ಟು ಊದಿ, ಚೀಪಿ, ಪೆಟ್ರೋಲು ಉಗಿದು, ಸಂಗೀತ ಕೇಳುವವರಂತೆ ಕಣ್ಣು ಮುಚ್ಚುತ್ತಾರೆ. ಓವರ್ಸಿಯರು ಕಂಪನಿಯ ಪುಸ್ತಕ ತೆಗೆದರೆ ಗದರಿಕೆ: "ಪುಸ್ತಕ ಮಡಗಿ ಸಾ. ಒಂದು ತೊಟ್ಟು ಸೀಮೆಎಣ್ಣೆ ಬೆರ್ಸಿದ್ರೂ ಈ ನಾಲ್ಗೆ ಯೇಳ್ಬುಡ್ತದೆ." ಜೋಡಿಸಿದ ಮೇಲೆ ತಾಟಿನಲ್ಲಿ ಉಳಿದ ಸ್ಕ್ರೂಗಳು ಕಂಪನಿಯವರು ದಂಡಕ್ಕೆ ಹಾಕಿದವು, ಬುಲ್ಡೋಜರು ಕೆಮ್ಮಿ ಮಲಗಿದರೆ ಪೆಟ್ರೋಲೇ ಕಲಬೆರಕೆ. ಮೊನ್ನೆ ಅವರ ಹೆಂಡತಿ ಪಾರ್ವತಮ್ಮ ನಮ್ಮಮ್ಮನ ಹತ್ತಿರ ದನಿ ತಗ್ಗಿಸಿದರು: "ಉಪ್ಪು ಆಕಾದ್ನೇ ಮರ್ತು ಸಾರು ಬಡಿಸ್ಬುಟ್ಟೆ ಕಣವ್ವ. ಸಂದಾಗೈತೆ ಅಂತ ಇನ್ನೊಂದ್ಸಲ ಬಡಿಸ್ಕಂಡು ಉಂಡ್ರು."