ಗೆಟ್ ಅಪ್ ರೀ

ಉಂಡ ಅನ್ನ ಗಂಟಲಿನಿಂದ ಕೆಳಗಿಳಿದು ಹೊಟ್ಟೆ ಸೇರುತ್ತದೆ ಎಂಬುದು ಜಗದ್ವಿದಿತ ಸಂಗತಿ. ಆದರೆ ತಟ್ಟೆಯಲ್ಲಿ ಉಳಿದದ್ದನ್ನು ತಿಂದು ಮುಗಿಸು ಎನ್ನುವುದಕ್ಕೆ ಇಂಗ್ಲಿಷಿನವರು 'ಈಟ್ ಅಪ್' ಎನ್ನುತ್ತಾರೆ. ಕೆಳಗಿಳಿಯುವ ಅನ್ನದ ಬೆನ್ನಿಗೆ ಈ ಊರ್ಧ್ವಮುಖಿಯಾದ 'ಅಪ್' ಯಾಕೆ ಬಿತ್ತು ಎಂಬ ಜಿಜ್ಞಾಸೆಯಲ್ಲಿ ಮುಳುಗಿ, ಒಂದು ದಿನ ಕಲಬುರಗಿಯ ಜಗತ್ ವೃತ್ತದಲ್ಲಿ ರಸ್ತೆ ದಾಟಲು ನಿಂತ ನಾನು ನಿಂತೇ ಇದ್ದೆ. ಆಟೋದವನೊಬ್ಬ ಪಕ್ಕಕ್ಕೆ ಬಂದು, ಬರೋದಿದ್ದರೆ ಬರ್ರಿ, ಇಲ್ಲದಿದ್ದರೆ ಬಾಜೂಕ ಸರೀರಿ ಎಂದು ಸಕಲ ವೇದಾಂತದ ಸಾರವನ್ನು ಒಂದೇ ಉಸಿರಿಗೆ ಹೇಳಿ ಹೊರಟುಹೋದ. ನಾನು ಬಾಜೂಕ ಸರಿದೆ.

ಕೈಯಲ್ಲಿ ಸ್ಟೇಶನ್ ಬಜಾರಿನ ರಸ್ತೆ ಬದಿಯಲ್ಲಿ ಕೊಂಡ, ರಟ್ಟು ಹರಿದ ಹಳೆಯ ಪುಸ್ತಕವಿತ್ತು. ಅದರ ತುಂಬ ಫ್ರೇಸಲ್ ವರ್ಬುಗಳ ವಿಚಾರವೇ. ಒಂದು ಬಡಪಾಯಿ ಕ್ರಿಯಾಪದ. ಅದರ ಹಿಂದೆ ಅಪ್ಪೋ ಡೌನೋ ಇನ್ನೋ ಔಟೋ, ಯಾವುದಾದರೊಂದು ಚೋಟುದ್ದದ ಪದ. ಎರಡೂ ಕೂಡಿದವೆಂದರೆ ಅರ್ಥ ಯಾರ ಕೈಗೂ ಸಿಗುವುದಿಲ್ಲ. 'ಗಿವ್' ಎಂದರೆ ಕೊಡು. 'ಗಿವ್ ಅಪ್' ಎಂದರೆ ಕೊಡುವುದೂ ಇಲ್ಲ, ತಕ್ಕೊಳ್ಳುವುದೂ ಇಲ್ಲ, ಕೈಚೆಲ್ಲಿ ಕೂಡುವುದು. ಕಲಬುರಗಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಸಂಧಿ ಸಮಾಸಗಳಿಂದ ಹುಡುಗರ ಬೆವರಿಳಿಸುತ್ತ ತಲೆ ನರೆತ ಈ ಮಹಾಶಯನಿಗೆ ಈಗ ಇದೆಲ್ಲ ಯಾಕೆ ಬೇಕಾಗಿತ್ತು ಎಂದು ನೀವು ಕೇಳಬಹುದು. ನನಗೆ ಬೇಕಾಗಿರಲಿಲ್ಲ, ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಬೇಕಾಗಿತ್ತು.

ಅಣ್ಣ ಕಲಬುರಗಿಗೆ ಹತ್ತಿರದ ಕಮಲಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದವನು. ಅವನ ಪಾಠಕ್ರಮ ಅವನದೇ. ತರಗತಿಗೆ ಬಂದವನೇ ಡಸ್ಟರಿನಿಂದ ಮೇಜು ಬಡಿದು 'ಗೆಟ್' ಎನ್ನುವನು. ಇಡೀ ತರಗತಿ 'ಅಪ್' ಎಂದು ಒದರಿ ಏಳಬೇಕು. 'ಸಿಟ್' ಎಂದರೆ 'ಡೌನ್' ಎಂದು ಕೂಡಬೇಕು. 'ಕಮ್' ಎಂದರೆ 'ಇನ್', 'ಗೋ' ಎಂದರೆ 'ಆನ್'. ತಲೆ ಮಾಸ್ತರದು, ಬಾಲ ಹುಡುಗರದು. ಊರಿನ ಅರ್ಧದಷ್ಟು ಗಂಡಸರು ಹೀಗೆ ಎದ್ದು ಕೂತೇ ಇಂಗ್ಲಿಷ್ ಪಾಸಾದವರು. ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು 'ಗೆಟಪ್ ಮಾಸ್ತರ' ಎನ್ನುತ್ತಿದ್ದರು. ಹೆಸರು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೆ ಅವನಿಗೆ ಹೆಮ್ಮೆಯೇ ಇತ್ತು.

ನಿವೃತ್ತನಾದ ಕೆಲ ವರ್ಷಗಳಿಗೆ ಅವನಿಗೆ ಲಕ್ವ ಹೊಡೆಯಿತು. ದವಾಖಾನೆಯಿಂದ ಮನೆಗೆ ಬರುವಷ್ಟರಲ್ಲಿ ಕಾಲಿಗೆ ಶಕ್ತಿ ಬಂದಿತ್ತು, ಮಾತು ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನು ಹೇಳಹೊರಟರೆ ಮಾತ್ರ ತುಟಿ ಅಲುಗಿ, ಕಣ್ಣು ತುಂಬಿ, ಗೋಡೆಯ ಕಡೆ ಹೊರಳಿಬಿಡುತ್ತಿದ್ದ. ಹುಟ್ಟಿದಾರಭ್ಯ ಆಡಿದ ಕನ್ನಡದಲ್ಲಿ 'ನೀರು' ಎಂಬುದೊಂದು ಪದವೂ ಉಳಿದಂತಿರಲಿಲ್ಲ. ನೋಡಲು ಬಂದವರೆಲ್ಲ ವೈನಿಗೆ ಧೈರ್ಯ ಹೇಳುತ್ತಿದ್ದರು. ವೈನಿ ನನ್ನೆದುರಿಗೆ ಒಂದೇ ಮಾತು ಅಂದರು: "ಬೈಲಿ ಬೇಕಾದ್ರ. ಆ ಮನುಷ್ಯಾ ನನಗ ಏನರೆ ಒಂದು ಅಂದ್ರ ಸಾಕು, ತಮ್ಮಾ."

ಹೀಗಿರುವಾಗ ಒಂದು ಸಂಜೆ ಗೌಸ್ ಬಂದ. ಹೆದ್ದಾರಿಯ ಬದಿಗೆ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವವನು, ಅಣ್ಣನ ಹಳೆಯ ಶಿಷ್ಯ. ಹಣ್ಣಿನ ಚಿಪ್ಪು ಹಿಡಿದು ಹೊಸ್ತಿಲಲ್ಲಿ ನಿಂತವನಿಗೆ, ಮಾತು ಹೋದವರ ಎದುರು ಏನು ಮಾತಾಡಬೇಕೋ ತೋಚಲಿಲ್ಲವಂತೆ. ಹೆದರಿದಾಗ ಹಳೆಯ ರೂಢಿಯೇ ಗತಿ. 'ಮೇ ಐ ಕಮ್' ಎಂದು ಅರ್ಧಕ್ಕೆ ನಿಂತ. ಅಣ್ಣ ಮಲಗಿದ್ದ ಹೊರಸಿನ ಮೇಲಿಂದ 'ಇನ್' ಎಂದು ಸ್ಪಷ್ಟವಾಗಿ ಕೇಳಿಸಿತು. ಹಣ್ಣನ್ನು ಹೊಸ್ತಿಲಲ್ಲೇ ಇಟ್ಟು ಗೌಸ್ ಗಳಗಳನೆ ಅತ್ತನೆಂದೂ, ತಾವು ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲವೆಂದೂ ವೈನಿ ಅಂದೇ ಫೋನಿನಲ್ಲಿ ಹೇಳಿದರು.

ಮಾತಿನ ತರಬೇತಿಗೆ ಅಣ್ಣನನ್ನು ಕಲಬುರಗಿಗೆ ಕರೆತರುತ್ತಿದ್ದೆವು. ಕಲಿಸುವವಳು ಸಮೀನಾ ಎಂಬ ಚುರುಕು ಹುಡುಗಿ. ಮನೆಯಲ್ಲಿ ದಖನಿ ಉರ್ದು, ದವಾಖಾನೆಯಲ್ಲಿ ಕನ್ನಡ. ದಿನವೂ ಒಂದೇ ತಾಳಕ್ಕೆ ಒದರಿಸಿದ ಮಾತು ಮನುಷ್ಯನಲ್ಲಿ ಬೇರೆಯೇ ಒಂದು ಕಡೆ ಕೂತಿರುತ್ತದೆಂದೂ, ಆಮೇಲೆ ಕಲಿತ ನುಡಿ ತಾಯಿನುಡಿಗಿಂತ ಮೊದಲು ಬಾಯಿಗೆ ಬರುವುದೂ ಒಮ್ಮೊಮ್ಮೆ ಉಂಟೆಂದೂ ಅವಳು ತಿಳಿಸಿ ಹೇಳಿದಳು. ಆಮೇಲೆ ವೈನಿಯ ಕಡೆ ತಿರುಗಿ, "ಯಾವ ದರ್ವಾಜಾ ತೆರೀತದೋ ಅದರಾಗಿಂದನ ಒಳಗ ಹೋಗ್ರಿ, ಅಮ್ಮಾ" ಎಂದಳು. ಕೇಳಿ ನಾನು ಬೆರಗಾದೆ. ಶಬ್ದವೇ ಬ್ರಹ್ಮವೆಂದು ವರ್ಷವರ್ಷವೂ ಉರು ಹೊಡೆಸಿದ ನಾನು ಆ ಬ್ರಹ್ಮನ ಮನೆಗೆ ಎಷ್ಟು ಬಾಗಿಲುಗಳಿವೆಯೆಂದು ಎಂದೂ ಯೋಚಿಸಿದವನಲ್ಲ.

ವೈನಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವರು. ಆದರೂ ಮರುದಿನದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲದಾಯಿತು. ಅಂಗಿ ಕಳೀರಿ ಅನ್ನಲು ಏನನ್ನಬೇಕು, ದೀಪ ಹಚ್ಚುವುದಕ್ಕೆ ಏನು, ಹುಷಾರಾಗಿರಿ ಅನ್ನಲು ಏನು? ಒಮ್ಮೆ ನಾನು ತರಗತಿಯಲ್ಲಿ ವಿರಹದ ಪದ್ಯವೊಂದನ್ನು ವಿವರಿಸುತ್ತಿರುವಾಗಲೇ, ಉಂಡು ಮುಗಿಸುವುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ಹರಕು ಪುಸ್ತಕ ನನ್ನ ಕೈಸೇರಿದ್ದೂ ರಸ್ತೆಯ ನಡುವೆ ನಾನು ಊರ್ಧ್ವಮುಖಿಯ ಧ್ಯಾನದಲ್ಲಿ ನಿಂತದ್ದೂ ಹೀಗೆ. ಓದುತ್ತ ಹೋದಂತೆ ನನ್ನ ಅಹಂಕಾರವೂ ಕರಗಿತು. ನಾವಾದರೂ 'ತಿಂದುಬಿಡು' ಎನ್ನುವಾಗ ಬಿಡುವುದಾದರೂ ಏನನ್ನು? ಇಷ್ಟು ಚಿಕ್ಕ ಪದಗಳ ಹೆಗಲ ಮೇಲೆ ಮನುಷ್ಯರು ಎಷ್ಟೊಂದು ಹೊರಿಸಿದ್ದಾರೆ ಎನಿಸಿ ಕೈಮುಗಿಯಬೇಕೆನಿಸಿತು.

ವೈನಿಗೆ ಬಂದ ಅಡಚಣೆ ಪುಸ್ತಕದಲ್ಲಿರಲಿಲ್ಲ. ಗಂಡನಿಗೆ ಎಂದೂ ಏಕವಚನದಲ್ಲಿ ಮಾತಾಡಿದ ಬಾಯಲ್ಲ ಅದು; 'ಗೆಟ್ ಅಪ್' ಎಂದು ಮೊಟಕಾಗಿ ಹೇಳುವುದು ಅವರಿಂದ ಸಾಧ್ಯವೇ ಆಗಲಿಲ್ಲ. ಹಾಗಾಗಿ ಮುಂಜಾನೆ ಅವರು 'ಗೆಟ್' ಎನ್ನುವರು, ಅಣ್ಣ ತಡವರಿಸಿ 'ಅಪ್' ಎನ್ನುವನು, ಕೊನೆಗೆ ವೈನಿ 'ರೀ' ಎಂದು ಸೇರಿಸಿ ಆತನನ್ನು ಎಬ್ಬಿಸುವರು. ಗೆಟ್ ಅಪ್ ರೀ, ಟೇಕ್ ಆಫ್ ರೀ, ಈಟ್ ಅಪ್ ರೀ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಭಾಷಾತಜ್ಞನ ಗತ್ತಿನಲ್ಲಿ, ಇಂಗ್ಲಿಷಿನಲ್ಲಿ ರೀ ಇಲ್ಲ ವೈನಿ ಎಂದು ತಿದ್ದಲು ಹೋದೆ.

"ಇಂಗ್ಲಿಷಿನಾಗ ಇರಲಿಕ್ಕಿಲ್ಲ," ಎಂದರು ವೈನಿ. "ನಮ್ಮ ಮನ್ಯಾಗ ಅದ."

ಆದರೆ ತಿಂಗಳುಗಳು ಕಳೆದರೂ ಅಣ್ಣ ಬಾಲದಿಂದ ಮುಂದೆ ಹೋಗಲಿಲ್ಲ. ಯಾರಾದರೂ ಎಸೆದ ಮಾತನ್ನು ಹಿಡಿಯುತ್ತಿದ್ದ, ತಾನಾಗಿ ಒಂದನ್ನೂ ಎಸೆಯುತ್ತಿರಲಿಲ್ಲ. ಕನ್ನಡದ ಸುಳಿವೇ ಇರಲಿಲ್ಲ. ಇಷ್ಟಕ್ಕೇ ನಿಂತರೂ ನಿಲ್ಲಬಹುದು ಎಂದು ಸಮೀನಾ ನನ್ನನ್ನು ಆಚೆ ಕರೆದು ಮೆಲ್ಲಗೆ ಹೇಳಿದಳು. ಅದನ್ನು ವೈನಿಗೆ ಹೇಳುವ ಜವಾಬ್ದಾರಿ ಹೊತ್ತು ನಾನು ಒಂದು ಆದಿತ್ಯವಾರ ಕಮಲಾಪುರದ ಬಸ್ಸು ಹತ್ತಿದೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಅಣ್ಣ ಹೊರಸಿನ ಮೇಲೆ, ನಾನು ಎದುರಿನ ಕುರ್ಚಿಯಲ್ಲಿ. ವೈನಿ ಎಂದಿನಂತೆ ಅಡುಗೆಮನೆಯ ಚೌಕಟ್ಟಿಗೆ ಒರಗಿ, ಬುಟ್ಟಿಯಲ್ಲಿ ಬಿಸಿ ರೊಟ್ಟಿ ಹಿಡಿದು ನಿಂತಿದ್ದರು. ಗಂಡ ಉಣ್ಣುವಾಗ ಅವರು ಕೂತದ್ದನ್ನು ನಾನು ಕಂಡೇ ಇಲ್ಲ. ಮುಖ ಬಾಡಿತ್ತು, ನಸುಕಿಗೇ ಎದ್ದವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಹೇಳಬೇಕಾದ್ದನ್ನು ನಾನು ತುತ್ತಿನ ಜೊತೆಗೆ ನುಂಗುತ್ತಿದ್ದೆ. ವೈನಿ 'ಈಟ್' ಎಂದರು.

ಅಣ್ಣ 'ಅಪ್' ಎನ್ನುವ ಬದಲು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ಹೆಂಡತಿಯನ್ನೇ ನೋಡತೊಡಗಿದ. ಆಮೇಲೆ ಎಡಗೈಯಿಂದ ಹೊರಸಿನ ಮೇಲೆ ತನ್ನ ಪಕ್ಕದ ಜಾಗವನ್ನು ಎರಡು ಸಲ ತಟ್ಟಿದ. ತುಟಿಗಳು ಅಲುಗಿದವು. ನಾನು ಸಹಾಯಕ್ಕೆಂದು ಬಾಯಿ ತೆರೆದೆ. ವೈನಿ ಸುಮ್ಮನಿರೆಂದು ಕೈ ಮಾಡಿದರು.

"ಸಿಟ್," ಎಂದ ಅಣ್ಣ.

ಯಾರೂ ಎಸೆಯದ ಮಾತು ಅದು, ಅವನದೇ. ವೈನಿಯ ಕೈಯ ಬುಟ್ಟಿ ವಾಲಿತು. ಏನು ಮಾಡಬೇಕೋ ತಿಳಿಯದೆ, ಅವನ ತರಗತಿಯ ಹುಡುಗಿಯೊಬ್ಬಳು ಹೇಳುವಂತೆ ಸಣ್ಣ ದನಿಯಲ್ಲಿ "ಡೌನ್" ಎಂದರು. ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ. ಅಣ್ಣನಿಗೆ ಮುಗಿದಿರಲಿಲ್ಲ. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಅವನು ಇನ್ನೂ ಏನನ್ನೋ ಎಳೆಯುತ್ತಿದ್ದ.

"ರೀ," ಎಂದ.

ಲಗ್ನವಾದಂದಿನಿಂದ ಹೆಂಡತಿಯನ್ನು 'ಏ, ಇಲ್ಲಿ ನೋಡು' ಎಂದಷ್ಟೇ ಕರೆದ ಬಾಯಿ. ಅಷ್ಟು ದಿನ ತೆರೆಯದ ಕನ್ನಡದ ಬಾಗಿಲು ತೆರೆದದ್ದು ಈ ಒಂದಕ್ಷರಕ್ಕೆ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವ ಮನಸ್ಸೂ ಆಗಲಿಲ್ಲ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಹೋಗಿ ಅಣ್ಣನ ಪಕ್ಕದಲ್ಲಿ ಕೂತರು. ಅವರಿಬ್ಬರಿಗೂ ರೊಟ್ಟಿ ಬಡಿಸಲು ನಾನು ಎದ್ದು ನಿಂತೆ.