ಮೇಜಿನ ಮೇಲೆ ಮಾಡಿದ ಟ್ಯಾಪಿಂಗ್

ಐವರ್ನಾಡಿನ ಒಂದು ರಬ್ಬರ್ ತೋಟದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಟ್ಯಾಪಿಂಗ್ ಮಾಡುತ್ತಿದ್ದೇನೆ: ತೊಗಟೆ ಕೆತ್ತಿ ರಬ್ಬರ್ ಹಾಲು ಇಳಿಸುವ ಕೆಲಸ. ದಿನಕ್ಕೆ ಮುನ್ನೂರು ಮರ. ಮರದ ಸುತ್ತ ಹಿಂದಕ್ಕೆ ಸರಿಯುತ್ತ ಕತ್ತಿಯನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು. ಹೆಬ್ಬೆರಳು ಹಿಡಿಯ ಬೆನ್ನಿನ ಮೇಲೆ ಚಾಚಿರುತ್ತದೆ, ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗುತ್ತದೆ. ತೊಗಟೆಯಲ್ಲಿ ಹಲಸಿನ ಎಲೆಯ ದಪ್ಪದಷ್ಟೇ ಹೋಗಬೇಕು. ಆಳವಾದರೆ ಮರಕ್ಕೆ ಗಾಯ, ತೆಳ್ಳಗಾದರೆ ಹಾಲಿಲ್ಲ.

ಹೆಬ್ಬೆರಳಿನ ಬುಡದ ಮೇಲೆ, ಮಣಿಕಟ್ಟಿನ ಅಂಚಿನಲ್ಲಿ ನೋವು ಶುರುವಾದಾಗ ನಾನು ಮಾಡಿದ್ದು ಟ್ಯಾಪಿಂಗಿನವರು ಮಾತ್ರ ಮಾಡಬಹುದಾದ ತಪ್ಪು. ಹಿಂದಿನ ಸಲ ಕಡಿದ ಜಾಗದಲ್ಲಿ ರಬ್ಬರಿನ ಎಳೆಯೊಂದು ಒಣಗಿ ಅಂಟಿಕೊಂಡಿರುತ್ತದೆ. ಅದನ್ನು ಎಳೆದು ತೆಗೆದ ಮೇಲೆಯೇ ನಾವು ಹೊಸದಾಗಿ ಕಡಿಯುವುದು. ಆ ಎಳೆಗಳನ್ನು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡೆ. ಹಿತವೆನಿಸಿತು.

ಪಕ್ಕದ ಸಾಲಿನ ಗೆಳತಿ ನಕ್ಕಳು. "ಎಂತ ಮಾರಾಯ್ತಿ, ಮರದ್ದು ಸಾಲದು ಅಂತ ಈಗ ಕೈಯಿಂದಲೂ ಹಾಲು ತೆಗೀತಿಯಾ?"

ಎರಡು ತಿಂಗಳು ಹಾಗೆಯೇ ನಡೆಸಿದೆ. ಒಂದು ಬೆಳಿಗ್ಗೆ ಕತ್ತಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಹೆಬ್ಬೆರಳು ಒಪ್ಪಲಿಲ್ಲ.

ಪುತ್ತೂರಿನ ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಗ್ಗಿಸಿದರು. ನಾನು ಕಿರುಚಿದೆ. ಹೆಬ್ಬೆರಳಿಗೆ ಹೋಗುವ ಎರಡು ಸ್ನಾಯುರಜ್ಜುಗಳು ಅಲ್ಲಿ ಒಂದು ಸಣ್ಣ ಸುರಂಗದೊಳಗೆ ಓಡಾಡುತ್ತವೆ, ಸುರಂಗಕ್ಕೆ ಸೂರಿನಂತಿರುವ ಮಾಡು ದಪ್ಪವಾಗಿ ಅವುಗಳನ್ನು ಒತ್ತುತ್ತಿದೆ ಎಂದು ಹೇಳಿದರು. ಮೊದಲು ಪಟ್ಟಿ ಹಾಕಿ ಕೈಗೆ ವಿಶ್ರಾಂತಿ ಕೊಡಿಸಿದರು, ಎರಡು ಸಲ ಇಂಜೆಕ್ಷನ್ ಕೊಟ್ಟರು. ಪ್ರತಿ ಸಲ ಕೆಲವು ತಿಂಗಳು ಆರಾಮ, ಆಮೇಲೆ ಅದೇ ನೋವು. ನೋವು ಮರಳಿದಾಗ ನಾನೂ ಆ ಎಳೆಗಳಿಗೇ ಮರಳುತ್ತಿದ್ದೆ. ಕೊನೆಗೆ ಮಾಡನ್ನು ಸೀಳಿ ಬಿಡುವ ಆಪರೇಷನ್ನೇ ದಾರಿ ಎಂದರು. ಆದರೆ ಎಳೆ ಸುತ್ತಿದ ಜಾಗದಲ್ಲಿ ಚರ್ಮ ಬೆಂದಂತೆ ಒಡೆದಿತ್ತು. ಅದು ಮಾಯಲು ಎರಡು ವಾರ ಕಾಯಬೇಕಾಯಿತು.

ನಾನು ಕೇಳಿದ್ದು ಒಂದೇ ಮಾತು. "ಮತ್ತೆ ಕತ್ತಿ ಹಿಡೀಲಿಕ್ಕೆ ಆಗ್ತದಾ ಡಾಕ್ಟ್ರೇ?"

"ಹೆಚ್ಚಿನವರಿಗೆ ಕೈ ಸರಿ ಆಗ್ತದೆ. ಮಾತು ಕೊಡುದಿಲ್ಲ ನಾನು," ಎಂದರು. ನನಗೆ ಬೇರೆ ಕೆಲಸ ಬರುವುದಿಲ್ಲ. ಆ ಎರಡು ವಾರ ಅದೊಂದೇ ಯೋಚನೆ.

ಆಪರೇಷನ್ ದಿನ ಕೈಯನ್ನಷ್ಟೇ ಮರಗಟ್ಟಿಸಿದ್ದರು. ನನಗೆ ಎಚ್ಚರವಿತ್ತು. ಕೈಗೂ ನನಗೂ ನಡುವೆ ಹಸಿರು ಬಟ್ಟೆ. ತಲೆಯ ಬಳಿ ಒಬ್ಬ ನರ್ಸ್ ನಿಂತಿದ್ದಳು. ಒಳಗೆ ಕರೆದುಕೊಂಡು ಬರುವಾಗಲೇ, ತನ್ನ ತಾಯಿಯೂ ಸುಳ್ಯದ ಹತ್ತಿರ ಟ್ಯಾಪಿಂಗ್ ಮಾಡುವವರು ಎಂದು ಹೇಳಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಮಾಡನ್ನು ಸೀಳಿ ಮುಗಿಸಿದ ಡಾಕ್ಟರು, "ಹೆಬ್ಬೆರಳು ಮೇಲೆ ಎತ್ತಿ," ಎಂದರು. ಎತ್ತಿದೆ.

"ಸಲೀಸು ಉಂಟಲ್ಲ?"

"ಉಂಟು," ಎಂದೆ.

ಅದು ಪೂರ್ತಿ ನಿಜವಲ್ಲ. ನೋವಿರಲಿಲ್ಲ, ಆದರೆ ಬೆರಳು ಎಲ್ಲೋ ತುಸು ಎಳೆದಂತಿತ್ತು. ಡಾಕ್ಟರ ಹತ್ತಿರ ಇಲ್ಲ ಎನ್ನುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡೆ. ನರ್ಸ್ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕ, ಹಾಗಲ್ಲ. ಮರಕ್ಕೆ ಹೇಗೆ ಮಾಡುದು ನೀವು, ಹಾಗೆ ಮಾಡಿ ತೋರಿಸಿ," ಎಂದಳು. ಆಮೇಲೆ, "ಸರ್, ಒಂದ್ಸಲ ಮಾಡ್ಲಿ?"

"ಮಾಡ್ಲಿ ಮಾಡ್ಲಿ," ಎಂದರು ಡಾಕ್ಟರು. "ಮರ ಒಂದಿಲ್ಲ ಇಲ್ಲಿ, ಅಷ್ಟೆ."

ಹೆಬ್ಬೆರಳು ಚಾಚಿ, ಮಣಿಕಟ್ಟು ಬಾಗಿಸಿ, ಇಲ್ಲದ ಕತ್ತಿಯನ್ನು ಎಳೆದುಕೊಂಡೆ. ಅರ್ಧದಲ್ಲಿ ಬೆರಳು ಸಿಕ್ಕಿಕೊಂಡಿತು. ಈ ಸಲ ಹೇಳಿದೆ: "ಎಲ್ಲಿಯೋ ಹಿಡೀತದೆ."

ಡಾಕ್ಟರು ಮತ್ತೆ ಗಾಯದೊಳಗೆ ಬಗ್ಗಿ ನೋಡಿದರು. ಆಮೇಲೆ, "ಹೌದು, ಇಲ್ಲೊಂದು ಗೋಡೆ ಉಂಟು," ಎಂದರು. ಕೆಲವರಿಗೆ ನಡುವೆ ಗೋಡೆ ಇದ್ದು, ಎರಡನೆಯ ರಜ್ಜುವಿಗೆ ಅದರದ್ದೇ ಒಂದು ಪುಟ್ಟ ಸುರಂಗ ಇರುತ್ತದಂತೆ. ನನ್ನದು ಇನ್ನೂ ಮುಚ್ಚಿಕೊಂಡೇ ಇತ್ತು. ಅದನ್ನೂ ಬಿಡಿಸಿದರು. "ಇನ್ನೊಂದು ಮರ ಮಾಡಿ ನೋಡುವಾ."

ಎಳೆದೆ. ಎಲ್ಲಿಯೂ ಹಿಡಿಯಲಿಲ್ಲ.

ಹೊಲಿಗೆ ಹಾಕುವ ಮೊದಲು ಅವರು ತಾವಾಗಿಯೇ ನೋಡುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ನೋಡುವವರೇ ಇರಬೇಕು. ಆ ಗೋಡೆ ಉಳಿದಿದ್ದರೆ ನೋವೂ ಉಳಿಯುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ನನ್ನ ಕೈಯನ್ನು ನಾನೇ ಒಂದು ಸುಳ್ಳಿನಿಂದ ಕಳೆದುಕೊಳ್ಳುವುದರಲ್ಲಿದ್ದೆ.

ಹೊಲಿಗೆ ಬಿಚ್ಚಿಸಲು ಹೋದ ದಿನ ನರ್ಸಿನ ಕೈ ಹಿಡಿದುಕೊಂಡೆ.

"ಎಂತಕ್ಕೆ ಕಣ್ಣೀರು?" ಎಂದು ಗದರಿದಳು. "ನಮ್ಮ ಅಮ್ಮನೂ ನಿಮ್ಮ ಹಾಗೆಯೇ. ಕಾಲು ಮುರಿದ್ರೂ 'ಎಂತ ಇಲ್ಲ' ಅಂತಾರೆ. ಹಾಗಾಗಿ ನಾನು ಬಾಯಿ ನೋಡುದಲ್ಲ, ಮುಖ ನೋಡುದು."

ಹೆಬ್ಬೆರಳಿನ ಹಿಂಭಾಗದಲ್ಲಿ ಹುಣಸೆ ಬೀಜದಷ್ಟು ಜಾಗ ಕೆಲವು ವಾರ ಜೋಮು ಹಿಡಿದಂತಿತ್ತು. ಹೆದರಿದ್ದೆ, ಮೆಲ್ಲಗೆ ಹೋಯಿತು. ಡಾಕ್ಟರು ಒಪ್ಪಿದ ಮೇಲೆ ತೋಟಕ್ಕೆ ಹೋದೆ. ಮೊದಲ ದಿನ ಹತ್ತೇ ಮರ ಎಂದು ಹೇಳಿದ್ದರು. ಮೊದಲನೆಯ ಮರದಲ್ಲಿ ಕತ್ತಿಯನ್ನು ತೊಗಟೆಗೆ ತಾಗಿಸಿ ಹೆಬ್ಬೆರಳನ್ನು ಹಿಡಿಯ ಬೆನ್ನಿನ ಮೇಲೆ ಚಾಚಿದೆ. ಆಮೇಲೆ ಎಳೆದೆ. ಸಿಪ್ಪೆ ಒಂದೇ ಅಳತೆಯಲ್ಲಿ ಸುರುಳಿ ಸುತ್ತಿ ಬಿತ್ತು. ಹಾಲು ಓರೆಯಾಗಿ ಇಳಿದು ಮರಕ್ಕೆ ಕಟ್ಟಿದ ತೆಂಗಿನ ಚಿಪ್ಪಿಗೆ ತೊಟ್ಟಿಕ್ಕಿತು.

ಗೆಳತಿ ತನ್ನ ಸಾಲಿನಿಂದಲೇ ಕೂಗಿ ಕೇಳಿದಳು. "ಹೇಗುಂಟು? ನೋವುಂಟಾ?"

ಕೈಯನ್ನು ಇನ್ನೊಮ್ಮೆ ಬಾಗಿಸಿ, ಸರಿಯಾಗಿ ನೋಡಿಕೊಂಡು, ಆಮೇಲೆ ಇಲ್ಲ ಎಂದೆ.