ತೊಲೆ ತಟ್ಟುವ ಗೆಣ್ಣು

ಅವರ ಬಲಗೈಯ ನಡುಬೆರಳಿನ ಗೆಣ್ಣು ಹುಣಿಸೆಬೀಜದಂತಿತ್ತು. ಹೆಚ್ಚುಕಡಿಮೆ ಅಷ್ಟೇ ಗಾತ್ರ, ಅದೇ ಕಂದು ಬಣ್ಣ, ಅದೇ ಹೊಳಪು. ಮೂವತ್ತು ವರ್ಷ ಮರ ತಟ್ಟಿ ತಟ್ಟಿ ಚರ್ಮ ಜಡ್ಡುಗಟ್ಟಿ ಹಾಗಾಗಿತ್ತು. ಹಾಲಿಲ್ಲದ ಸುಲೈಮಾನಿ ಚಹಾದ ಲೋಟ ಕೈಗೆ ಕೊಟ್ಟರೂ ಅದನ್ನೊಮ್ಮೆ ಗೆಣ್ಣಿನಿಂದ ತಟ್ಟಿಯೇ ಬಾಯಿಗಿಡುತ್ತಿದ್ದರು. ಬಾಗಿಲು, ಮೇಜು, ಕಲ್ಲಂಗಡಿ, ಗಿರಾಕಿಗಳ ಕಾರು, ಯಾವುದನ್ನೂ ಬಿಡುತ್ತಿರಲಿಲ್ಲ.

ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಒಮಾನಿನ ಅಲ್ ಖೌದಿನಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ದೋಣಿ ರಿಪೇರಿ ಶೆಡ್ಡಿನಲ್ಲಿ ಅವರು ಮೇಸ್ತ್ರಿ, ನಾನು ಆಫೀಸಿನ ಹೆಂಗಸು. ಆಫೀಸೆಂದರೆ ಶೆಡ್ಡಿನ ಮೂಲೆಯಲ್ಲಿದ್ದ ತಗಡಿನ ಕ್ಯಾಬಿನ್. ಪತ್ರ ಬರೆಯುವುದು, ಸಾಮಾನು ತರಿಸುವುದು, ಯಾವ ದೋಣಿಗೆ ಯಾವ ದಿನ ಏನು ಮಾಡಿದರೆಂದು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಕಾಕ ಉಳ್ಳಾಲದ ಕಡೆಯ ಬ್ಯಾರಿಗಳು. ಮದರಂಗಿ ಹಚ್ಚಿದ ಕೆಂಪು ಗಡ್ಡ, ಅದರಲ್ಲಿ ಯಾವಾಗಲೂ ಮರದ ಪುಡಿ. ನನ್ನ ಮಾತು ಕೇಳಿದರೆ ಅವರಿಗೆ ನಗು. "ಮೈಸೂರಕ್ಕ, ನೀವು ಬೈದ್ರೂ ನಮಗೆ ಪಾಯಸ ಕೊಟ್ಟ ಹಾಗೆ ಆಗ್ತದೆ" ಎನ್ನುತ್ತಿದ್ದರು.

ಅಜ್ಜನ ಕಾಲದಿಂದಲೂ ದೋಣಿ ಕಟ್ಟುವ ಮನೆತನ. ಆದರೆ ಇವರು ಮಾತ್ರ ದೋಣಿ ಹತ್ತುತ್ತಿರಲಿಲ್ಲ. ಹತ್ತಿದರೆ ವಾಂತಿ. ಕೇಳಿದರೆ, "ತೊಟ್ಟಿಲು ಮಾಡುವವ ತೊಟ್ಟಿಲಲ್ಲಿ ಮಲಗ್ಬೇಕಾ?" ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಗ್ರೈಂಡರ್ ಹಿಡಿಯುವ ಬಂಗಾಳಿ ಭಾಯಿಯ ಜೊತೆ ದಿನಕ್ಕೆರಡು ಸಲ ಮಾತು ಬಿಡುತ್ತಿದ್ದರು. ಮಧ್ಯಾಹ್ನ ಅವನ ತಟ್ಟೆಗೆ ಮೀನು ಬಡಿಸುವವರೂ ಅವರೇ.

ಎಣ್ಣೆಯ ಬೆಲೆ ಬಿದ್ದ ಕಾಲವದು. ಬೌಷರಿನ ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ವಾರಕ್ಕೊಂದು ಹೊಸ ಚೀಟಿ. ಸೋಫಾ ಮಾರಾಟಕ್ಕಿದೆ, ಫ್ರಿಜ್ ಮಾರಾಟಕ್ಕಿದೆ. ಚೀಟಿಯ ಕೆಳಗಿದ್ದ ಫ್ಲಾಟ್ ನಂಬರು ನೋಡಿ ಯಾರ ಕೆಲಸ ಹೋಯಿತೆಂದು ತಿಳಿದುಕೊಳ್ಳುತ್ತಿದ್ದೆವು. ನನ್ನ ಯಜಮಾನರು ಪೈಪ್‌ಲೈನ್ ಕಂಪನಿಯೊಂದರಲ್ಲಿ ಡ್ರಾಯಿಂಗ್ ಮಾಡುತ್ತಿದ್ದರು. ಅವರನ್ನು ತೆಗೆಯಲಿಲ್ಲ, ಸಂಬಳವಿಲ್ಲದ ರಜೆಯ ಮೇಲೆ ಕೂರಿಸಿದರು. ವೀಸಾ ಇತ್ತು, ಸಂಬಳವಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಫೋನಿನ ಮುಂದೆ ಕೂರುತ್ತಿದ್ದರು. ಮಗಳು ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಲ್ಲಿಯವರೆಗೆ ಹೇಗಾದರೂ ನಿಂತರೆ ಸಾಕು, ನಡುವರ್ಷದಲ್ಲಿ ಅವಳನ್ನು ಎಬ್ಬಿಸಿಕೊಂಡು ಊರಿಗೆ ಹೋಗುವಂತಾಗದಿದ್ದರೆ ಸಾಕು, ಎಂಬುದೊಂದೇ ನನ್ನ ತಲೆಯಲ್ಲಿ. ಮನೆ ನಿಂತದ್ದು ನನ್ನ ಶೆಡ್ಡಿನ ಕೆಲಸದ ಮೇಲೆ.

ಆ ಶೆಡ್ಡಾದರೂ ಏನು ಭದ್ರವಿತ್ತು? ನಮ್ಮ ಮಾಲೀಕರು ಒಮಾನಿ, ಎಲ್ಲರೂ ಅರಬಾಬ್ ಎನ್ನುತ್ತಿದ್ದೆವು. ಕೆಟ್ಟವರಲ್ಲ. ಒಂದು ದಿನ ನಮ್ಮ ಮೂವರನ್ನೂ ಕರೆದು ಖರ್ಜೂರ ಕೊಟ್ಟು, ನೆಲ ನೋಡುತ್ತಾ ಹಿಂದಿಯಲ್ಲಿ ಹೇಳಿದರು: ಈಗ ಬಂದಿರುವ ದೋಣಿ ಮುಗಿದ ಮೇಲೆ ಇಬ್ಬರನ್ನು ಮಾತ್ರ ಇಟ್ಟುಕೊಳ್ಳಲಾದೀತು. ಆ ಇಬ್ಬರು ಯಾರೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪತ್ರ ಬರೆಯಲು ಅವರ ಮಗಳೇ ಸಾಕು. ತೊಲೆ ಕೂರಿಸಲು ಕಾಕ ಬೇಕು, ಗ್ರೈಂಡರ್ ಹಿಡಿಯಲು ಭಾಯಿ ಬೇಕು.

ಆ ದೋಣಿ ಹಳೆಯದೊಂದು ಸ್ಕೀ ಬೋಟ್. ಹಿಂದೆ ಹಗ್ಗ ಕಟ್ಟಿ, ನೀರಿನ ಮೇಲೆ ಜಾರುವವರನ್ನು ರಭಸದಿಂದ ಎಳೆಯುವಂಥದು. ಕೆಲಸ ಕಳೆದುಕೊಂಡು ಊರಿಗೆ ಹೊರಟಿದ್ದ ಇಂಗ್ಲಿಷ್ ಎಂಜಿನಿಯರೊಬ್ಬನಿಂದ ಅರಬಾಬ್ ಕೊಂಡಿದ್ದರು. ಕಡಲ ತಡಿಯ ಒಂದು ರೆಸಾರ್ಟಿನವರು ಅದನ್ನು ಕೊಳ್ಳಲು ಒಪ್ಪಿದ್ದರು. ಹೇಳಿದ ದಿನಕ್ಕೆ ಕೊಟ್ಟರೆ ತಮ್ಮ ಬೇರೆ ದೋಣಿಗಳ ರಿಪೇರಿಯನ್ನೂ ಕೊಡುವ ಮಾತಿತ್ತು.

ನೆಲದ ಹಲಗೆ ಕಿತ್ತ ದಿನ ಕಾಕ ನನ್ನನ್ನು ಕರೆದು ತೋರಿಸಿದರು. ದೋಣಿಯ ಹೊಟ್ಟೆಯೊಳಗೆ ಉದ್ದಕ್ಕೆ ಎರಡು ಮರದ ತೊಲೆ, ಎಡಕ್ಕೊಂದು ಬಲಕ್ಕೊಂದು, ಮೇಲೆ ಫೈಬರಿನ ಹೊದಿಕೆ. ಎಂಜಿನ್ ಕೂರುವುದು ಅವುಗಳ ಮೇಲೆಯೇ. ಎಡದ ತೊಲೆಯ ಹೊದಿಕೆ ಕೊಯ್ದಾಗ ಒಳಗೆ ಮರವೇ ಇರಲಿಲ್ಲ. ಕಪ್ಪಗೆ, ಒದ್ದೆಯಾಗಿ, ಥೇಟ್ ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿ.

"ಎರಡನ್ನೂ ಒಟ್ಟಿಗೇ ಕಿತ್ತುಬಿಡಿ ಕಾಕ, ಬೇಗ ಆಗತ್ತೆ" ಎಂದೆ.

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಎಂತ ಹೇಳ್ತೀರಿ ನೀವು? ಎರಡೂ ಒಟ್ಟಿಗೆ ತೆಗೆದ್ರೆ ದೋಣಿ ತನ್ನ ಆಕಾರ ಮರೀತದೆ. ಹೊಟ್ಟೆ ಇಳೀತದೆ. ಆಮೇಲೆ ಚಿನ್ನದ ತೊಲೆ ಹಾಕಿದ್ರೂ ಸೊಟ್ಟವೇ. ಒಂದು ಬದಿ ತೆಗೆಯುವಾಗ ಇನ್ನೊಂದು ಬದಿ ಹಿಡ್ಕೊಳ್ಬೇಕು. ಹಾಳಾದದ್ದಾದ್ರೂ ಅಡ್ಡಿಲ್ಲ, ಹಿಡ್ಕೊಳ್ಬೇಕು."

ಅದಕ್ಕೇ ಮುಂಭಾಗದಿಂದ ಹಿಂಭಾಗಕ್ಕೆ ಬಿಗಿಯಾಗಿ ದಾರ ಕಟ್ಟಿ ಬೆಳಿಗ್ಗೆ ಸಂಜೆ ಅಳೆಯುತ್ತಿದ್ದರು. ದಾರದ ತುದಿ ಹಿಡಿಯುವವಳು ನಾನು, ಅಳತೆ ಬರೆಯುವವಳೂ ನಾನೇ. ನೂಲೆಳೆಯಷ್ಟು ವ್ಯತ್ಯಾಸ ಬಂದರೂ ಅಡಿಯಲ್ಲಿಟ್ಟ ಮರದ ತುಂಡುಗಳನ್ನು ಸರಿಸಿ ಮತ್ತೆ ಅಳತೆ.

ಇನ್ನೊಂದು ಕೆಲಸವನ್ನೂ ಅವರು ನನಗೆ ಕೊಟ್ಟಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ಕೆಲವು ತಿಂಗಳ ಹಿಂದೆ ಹಿಮ್ಮುಖವಾಗಿ ಬರುತ್ತಿದ್ದ ಲಾರಿಯೊಂದು ಹಾರ್ನ್ ಹೊಡೆದರೂ ಕಾಕ ಸರಿಯಲಿಲ್ಲ. ಭಾಯಿ ಅಂಗಿ ಹಿಡಿದೆಳೆದ. "ಏನೋ ಯೋಚನೆಯಲ್ಲಿದ್ದೆ" ಎಂದರು. ಮರುದಿನ ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲು ಮುಚ್ಚಿದರು.

"ಮೈಸೂರಕ್ಕ, ಗ್ರೈಂಡರು ನನ್ನ ಕಿವಿ ತಿಂದಿದೆ. ಎದುರು ನಿಂತು ಮಾತಾಡಿದ್ರೆ ತುಟಿ ನೋಡಿ ಗೊತ್ತಾಗ್ತದೆ. ಮರ ತಟ್ಟಿದ್ದು ಮಾತ್ರ ಕೇಳುದಿಲ್ಲ. ಮರಕ್ಕೆ ತುಟಿ ಇಲ್ಲ ಅಲ್ವಾ."

ಅಂದಿನಿಂದ ಅವರು ತಟ್ಟುವುದು, ನಾನು ಕೇಳುವುದು. ಅಜ್ಜಿಯ ಜೊತೆ ಸಂತೆಗೆ ಹೋಗಿ ಮಡಕೆ ತಟ್ಟಿ ಆರಿಸಿದವಳಿಗೆ ಇದೇನು ಕಷ್ಟವಲ್ಲ. ಗಟ್ಟಿ ಮರ 'ಟಣ್' ಎನ್ನುತ್ತದೆ, ಆಗ ತಲೆ ಆಡಿಸಬೇಕು. ಕೊಳೆತು ಲಡ್ಡಾದ ಮರ 'ದೊಬ್' ಎನ್ನುತ್ತದೆ, ಆಗ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು.

ಎಡದ ತೊಲೆ ಹೊಸದಾಗಿ ಕೂತಿತು. ಬಲದ್ದರ ಮುಂದಿನ ಅರ್ಧವೂ ಗಸಿಯೇ. ಹಿಂದಿನ ಅರ್ಧ, ಎಂಜಿನ್ನಿನ ಅಡಿಯದು, ಮೇಲ್ನೋಟಕ್ಕೆ ಒಣಗಿದಂತಿತ್ತು. ಕೊಡಬೇಕಾದ ದಿನಕ್ಕೆ ಒಂದೇ ವಾರವಿತ್ತು. ಅಂದು ಬೆಳಿಗ್ಗೆ ನಾನು ಹೊರಡುವಾಗ ಯಜಮಾನರ ಫೋನಿಗೆ ಕಂಪನಿಯ ಮೆಸೇಜು ಬಂದಿತ್ತು. ರಜೆ ಮತ್ತೆ ಮೂರು ತಿಂಗಳು. ಅವರು ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿಟ್ಟರು. ಮಗಳು ಪುಸ್ತಕದಿಂದ ತಲೆ ಎತ್ತದೆ, "ಇಟ್ಸ್ ಓಕೆ ಅಪ್ಪಾ" ಎಂದಳು.

ಶೆಡ್ಡಿನಲ್ಲಿ ಅರಬಾಬ್ ಬಂದು ನಿಂತಿದ್ದರು. "ಪೀಛೆ ಕಾ ಠೀಕ್ ಹೈ ನಾ? ಅಚ್ಛಾ ಹೈ ತೋ ಖಲಾಸ್, ಜೋಡ್ ದೋ" ಎಂದರು. ಹಿಂದಿನದು ಸರಿಯಿದ್ದರೆ ಹೊಸ ಮುಂಭಾಗವನ್ನು ಅದಕ್ಕೇ ಜೋಡಿಸಿ ಮುಗಿಸಿಬಿಡಿ, ಅಷ್ಟೆ. ಕಾಕ ಬಗ್ಗಿ ತಟ್ಟಿದರು. ಒಮ್ಮೆ, ಮತ್ತೊಮ್ಮೆ. ನನ್ನ ಕಡೆ ನೋಡಿದರು.

ದೊಬ್.

ಸೀಮೆಸುಣ್ಣ ಕೈಯಲ್ಲಿತ್ತು. ಗೆರೆ ಎಳೆದರೆ ಇನ್ನೂ ಹತ್ತು ದಿನ, ರೆಸಾರ್ಟಿನವರ ಮುನಿಸು, ಆಮೇಲೆ ನನ್ನ ಸರದಿ. ನಾನು ತೊಲೆಯನ್ನೇ ನೋಡುತ್ತಾ ತಲೆ ಆಡಿಸಿದೆ. ಪುಸ್ತಕದಲ್ಲಿ "ಬಲ ತೊಲೆ, ಹಿಂಭಾಗ: ಗಟ್ಟಿ" ಎಂದು ದುಂಡಗೆ ಬರೆದೆ. ಕಾಕ ಗಡ್ಡದ ಪುಡಿ ಕೊಡವಿಕೊಂಡು, ಮುಂಭಾಗದ ಮರ ಕೊಯ್ಯಲು ಹೋದರು.

ಎರಡು ದಿನ ಮನೆಯಲ್ಲಿ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಒಗ್ಗರಣೆ ಸೀದುಹೋಯಿತು, ಹಾಲು ಉಕ್ಕಿತು. ಪಾತ್ರೆ ಸಿಂಕಿಗೆ ಬಿದ್ದರೂ 'ದೊಬ್' ಎಂದೇ ಕೇಳುತ್ತಿತ್ತು. ಆ ರಭಸದಲ್ಲಿ ಎಂಜಿನ್ ತೊಲೆಯಿಂದ ಕಿತ್ತುಬಂದರೆ? ಹಗ್ಗದ ತುದಿಯಲ್ಲಿ ಯಾರ ಮಗುವೋ ಇದ್ದರೆ? ಮಗಳ ಗಣಿತದ ಪುಸ್ತಕ ನೋಡುತ್ತಾ ಕೂತಿದ್ದೆ, ಒಂದು ಅಕ್ಷರವೂ ಕಾಣಲಿಲ್ಲ. ಮೂರನೆಯ ದಿನ ಏಳು ಗಂಟೆಯ ಬದಲು ಆರಕ್ಕೇ ಮನೆ ಬಿಟ್ಟೆ.

ಕಾಕ ಆಗಲೇ ದೋಣಿಯೊಳಗಿದ್ದರು. ಬಲದ ತೊಲೆಯ ಹಿಂಭಾಗದಲ್ಲಿ ಡ್ರಿಲ್ಲಿನ ತೂತು. ನನ್ನ ಅಂಗೈ ಬಿಡಿಸಿ ಅದರಿಂದ ಬಂದ ಪುಡಿಯನ್ನು ಹಾಕಿದರು. ತಣ್ಣಗೆ, ಕಪ್ಪಗೆ, ಹುಳಿ ವಾಸನೆ.

"ಕಾಫಿ ಕುಡಿದಾಯ್ತಾ ಮೈಸೂರಕ್ಕ?"

"ಕಾಕ, ನಂಗೆ ಅವತ್ತೇ ಕೇಳಿಸಿತ್ತು."

"ಗೊತ್ತುಂಟು."

"ಹೇಗೆ?"

"ಹೋದದ್ದು ಕಿವಿ ಮಾತ್ರ, ಕಣ್ಣು ಹೋಗ್ಲಿಲ್ಲ. ದಿನಾ ನೀವು ನನ್ನ ಮುಖ ನೋಡಿ ತಲೆ ಆಡಿಸ್ತೀರಿ. ಅವತ್ತು ಮುಖ ನೋಡ್ಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವೇ ಬಂದು ಹೇಳ್ತೀರಿ ಅಂತ ಎರಡು ದಿನ ಕಾದೆ. ಇವತ್ತು ಜೋಡಿಸ್ಲಿಕ್ಕೆ ರೆಸಿನ್ ಅಂಟು ಕಲೆಸ್ಬೇಕು. ಕಲೆಸಿದ ಮೇಲೆ ಅದು ನಿಮಗೋಸ್ಕರ ಕಾಯ್ತದಾ?"

ಬೈದಿದ್ದರೆ ಹಗುರಾಗುತ್ತಿತ್ತು. ಅರಬಾಬಿನ ಕಾರು ಬಂದ ಸದ್ದಾಯಿತು. ನಾನೇ ಹೇಳಬೇಕೆಂದು ಮುಂದೆ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಕಾಕ ನನ್ನನ್ನು ದಾಟಿ ಹೋಗಿ, ಮುರುಕು ಅರಬ್ಬಿ, ಮುರುಕು ಹಿಂದಿಯಲ್ಲಿ ಶುರುಮಾಡಿದರು. ತಟ್ಟಿದ್ದು ತಾನು, ಕೇಳಿದ್ದು ತಾನು, ತಪ್ಪು ಕೇಳಿತು, ಕಿವಿ ಖಲಾಸ್, ಈ ತೊಲೆಯನ್ನೂ ಪೂರ್ತಿ ತೆಗೆಯಬೇಕು.

ಅರಬಾಬಿಗೆ ನಂಬಿಕೆ ಬರಲಿಲ್ಲ. ಕಾಕನ ಬೆನ್ನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಹಾರಿದವು. ಕಾಕ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಇನ್ನೂ ಅರಬಾಬಿನ ಉತ್ತರಕ್ಕೆ ಕಾಯುತ್ತಿದ್ದರು. ನನಗೆ ಅಳು ಬಂತು. ಅದನ್ನು ನೋಡಿಯೇ ಅವರಿಗೆ ಹಿಂದೆ ಏನೋ ಆಯಿತೆಂದು ಗೊತ್ತಾದದ್ದು.

ಆಮೇಲೆ ತಪ್ಪು ನನ್ನದೆಂದು ನಾನೂ ಹೇಳಿದೆ, ತಡವಾಗಿ, ತೊದಲುತ್ತಾ: "ನಹೀ ಅರಬಾಬ್, ಗಲತಿ ಮೇರಿ ಹೈ." ಅರಬಾಬ್ ಕೈಯೆತ್ತಿ, "ಬಸ್ ಸಿಸ್ಟರ್" ಎಂದರು. ಹಿರಿಯರ ಮಾನ ಕಾಯಲು ಹೇಳುತ್ತಿದ್ದೇನೆಂದು ತಿಳಿದಿರಬೇಕು.

ರೆಸಾರ್ಟಿನವರು ಗೊಣಗಿಕೊಂಡು ಹತ್ತು ದಿನ ಕೊಟ್ಟರು. ಬಲದ ತೊಲೆ ಪೂರ್ತಿ ಬದಲಾಯಿತು. ದೋಣಿ ನೀರಿಗಿಳಿದ ದಿನ ಕಾಕ ದಡದಲ್ಲೇ ನಿಂತು ನನ್ನನ್ನು ಹತ್ತಿಸಿದರು. "ನೆಲಕ್ಕೆ ಕಿವಿ ಇಟ್ಟು ಕೇಳಿ, ಸುಳ್ಳು ಹೇಳ್ಬೇಡಿ" ಎಂದು ಎಲ್ಲರೆದುರು ಹೇಳಿ ಗಹಗಹಿಸಿ ನಕ್ಕರು. ಉಳಿದವರಿಗೆ ಏಕೆಂದು ತಿಳಿಯಲಿಲ್ಲ. ನಾನು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಎಂಜಿನ್ನಿನ ಪಕ್ಕ ಕಿವಿಯಿಟ್ಟು ಮಲಗಿದೆ. ದೋಣಿ ಹಾರಿತು. ಅಡಿಯಲ್ಲಿ ನೀರು ಬಡಿದಾಗಲೆಲ್ಲ ಟಣ್, ಟಣ್. ತಿರುಗಿ ಬಂದು ಅವರ ಮುಖ ನೋಡಿ ತಲೆ ಆಡಿಸಿದೆ.

ಫೆಬ್ರವರಿಯಲ್ಲಿ ಕಾಕನ ವೀಸಾ ರದ್ದಾಯಿತು. ಉಳಿದವರು ಭಾಯಿ ಮತ್ತು ನಾನು.

ಹೊರಡುವ ಹಿಂದಿನ ದಿನ ಮತ್ರಾದ ಸೂಕ್ ಮಾರುಕಟ್ಟೆಯಿಂದ ಮೊಮ್ಮಗಳಿಗೆ ಬಳೆ ತಂದು ನನಗೆ ತೋರಿಸಿದರು, ಒಂದೊಂದನ್ನೂ ಗೆಣ್ಣಿಗೆ ತಾಗಿಸಿ. ಅವತ್ತು ಅರಬಾಬಿನೆದುರು ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

"ಎಂತ ಮಾಡಿದ್ದು? ಕಿವಿ ಹೋದದ್ದು ಸುಳ್ಳಾ? ಇನ್ನು ಎಷ್ಟು ದಿನ ನಿಮ್ಮ ಕಿವಿಯಲ್ಲಿ ಕೇಳ್ಲಿ ನಾನು?" ಎಂದು ರೇಗಿದರು. ಆಮೇಲೆ ಬಳೆಗಳನ್ನು ಕಾಗದದಲ್ಲಿ ಸುತ್ತುತ್ತಾ, ನನ್ನ ಕಡೆ ನೋಡದೆ, "ನಿಮ್ಮ ಮನೆಯಲ್ಲಿ ಒಂದು ಬದಿ ಮೊದಲೇ ಬಿಚ್ಚಿ ಆಗಿದೆ ಮಾರಾಯ್ತಿ" ಎಂದರು. ಎರಡು ಕೈಯನ್ನೂ ಚಾಚಿ, ನಡುವೆ ಏನೋ ಕುಸಿದಂತೆ ಇಳಿಸಿ ತೋರಿಸಿದರು.

ಮಗಳು ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಊರಿನ ಮಳೆಗಾಲದ ಹೊತ್ತಿಗೆ ಯಜಮಾನರಿಗೆ ಮತ್ತೆ ಸಂಬಳ ಶುರುವಾಯಿತು. ಊರಿನಿಂದ ಕಾಕ ಆಗಾಗ ವಿಡಿಯೊ ಕಾಲ್ ಮಾಡುತ್ತಿದ್ದರು. ನಾನು ನಿಧಾನವಾಗಿ ತುಟಿ ಆಡಿಸುತ್ತಿದ್ದೆ. ಅವರು ಏನನ್ನಾದರೂ ತಟ್ಟಿ, "ಹೇಗುಂಟು?" ಎನ್ನುತ್ತಿದ್ದರು. ಕಿಟಕಿ, ತೆಂಗಿನಕಾಯಿ, ಹೊಸ ಕಪಾಟು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ.

ಕೊನೆಯ ಕಾಲ್ ಬಂದದ್ದು ಅವರು ತೀರಿಕೊಳ್ಳುವುದಕ್ಕೆ ಒಂಬತ್ತು ದಿನ ಮೊದಲು. ಮಂಚದ ಮೇಲಿದ್ದರು. ಮದರಂಗಿ ಮಾಸಿ ಗಡ್ಡ ಬೆಳ್ಳಗಾಗಿತ್ತು, ಶ್ವಾಸಕೋಶ ಕೆಟ್ಟಿದೆಯೆಂದು ಅವರ ಮಗ ಮೊದಲೇ ತಿಳಿಸಿದ್ದ. ಫೋನನ್ನು ಹತ್ತಿರ ಹಿಡಿಸಿ, ಆ ಹುಣಿಸೆಬೀಜದ ಗೆಣ್ಣಿನಿಂದ ಎದೆಯನ್ನು ಎರಡು ಸಲ ತಟ್ಟಿಕೊಂಡರು.

"ಹೇಗುಂಟು ಮೈಸೂರಕ್ಕ?"

"ಗಟ್ಟಿ ಇದೆ ಕಾಕ" ಎಂದೆ.

"ಮುಖ ನೋಡಿ ಹೇಳಿ."

ಕಣ್ಣೆತ್ತಿ ನೋಡಿದೆ. ತುಟಿ ಏಳಲಿಲ್ಲ. ಅವರು ತುಸು ಹೊತ್ತು ನನ್ನನ್ನೇ ನೋಡಿದರು. ಆಮೇಲೆ, ತಾವೇ ತಲೆ ಆಡಿಸಿದರು.

"ಹಾಂ," ಎಂದರು. "ಈಗ ಕೇಳಿತು."